ಆಪರೇಷನ್ ಆಯ್ತು, ನಳಿಕೆ ಹಾಕಿದ್ದೂ ಆಯ್ತು, ಥೆರಪಿ ಎಲ್ಲಿ? ಕೋಲಾರ ಸೀಮೆಯಲ್ಲಿ ಮಾತು ಮತ್ತು ನುಂಗುವಿಕೆಯ ಚಿಕಿತ್ಸೆ

ಕೋಲಾರ ಸೀಮೆಯಲ್ಲಿ ಮುದ್ದೆ ಅಗಿದು ತಿನ್ನುವವರನ್ನು ಕಂಡರೆ ಪಂಕ್ತಿಯಲ್ಲಿ ಕೂತವರು ನಗುತ್ತಾರೆ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಹಲ್ಲಿಗೆ ಕೆಲಸವಿಲ್ಲ, ನೇರ ಗಂಟಲಿಗೆ. ಹೀಗೆ ಅರವತ್ತು ವರ್ಷ ಉಂಡವರಿಗೆ ಒಂದು ಬೆಳಗ್ಗೆ ಲಕ್ವ ಹೊಡೆದರೆ ಮನೆಯವರು ಮೊದಲು ನೋಡುವುದು ಕೈಕಾಲು. ಆಮೇಲೆ ಸೊಟ್ಟಗಾದ ಬಾಯಿ, ತೊದಲುವ ಮಾತು. ನುಂಗುವ ತಾಕತ್ತು ಉಳಿದಿದೆಯೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ, ಅದು ಹೊರಗಿನಿಂದ ಕಾಣುವಂಥದ್ದಲ್ಲ. "ಸುಸ್ತಾಗವ್ರೆ, ಒಂದು ಲೋಟ ನೀರು ಕೊಡಿ" ಎಂದು ಯಾರೋ ಅನ್ನುತ್ತಾರೆ. ಮಲಗಿದಲ್ಲೇ ತಲೆ ಎತ್ತಿ ಹಿಡಿದು ಕುಡಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಎರಡನೇ ಅಪಾಯ ಶುರುವಾಗುವುದು ಆ ಲೋಟದಿಂದಲೇ.

ಪಾರ್ಶ್ವವಾಯುವಿನ ಮೊದಲ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಿಗೆ ನುಂಗಲು ತೊಂದರೆ ಇರುತ್ತದೆ. ಸುಮಾರು ಮೂವರಲ್ಲಿ ಒಬ್ಬರಿಗೆ ಭಾಷೆಗೇ ಪೆಟ್ಟು ಬೀಳುತ್ತದೆ. ಈ ಎರಡನ್ನೂ ನೋಡಬೇಕಾದವರು ಒಬ್ಬರೇ, ಸ್ಪೀಚ್ ಥೆರಪಿಸ್ಟ್. ಹುಟ್ಟುಕಿವುಡಿನ ಮಗು, ಸೀಳು ತುಟಿಯ ಮಗು, ಉಗ್ಗುವ ಹುಡುಗ, ಬಾಯಿ ಕ್ಯಾನ್ಸರಿನ ಆಪರೇಷನ್ ಆದ ಹೆಂಗಸು, ಪಾರ್ಕಿನ್ಸನ್ ಬಂದು ದನಿ ಕುಗ್ಗಿದ ನಿವೃತ್ತ ಮೇಷ್ಟ್ರು, ಇವರೆಲ್ಲ ಬರಬೇಕಾದದ್ದೂ ಅದೇ ಬಾಗಿಲಿಗೆ. ಆ ಬಾಗಿಲು ಜಿಲ್ಲೆಯಲ್ಲಿ ಎಷ್ಟು ಅಗಲ ಇದೆ ಎನ್ನುವುದು ಇಲ್ಲಿನ ಪ್ರಶ್ನೆ.

ನನಗೆ ಕಾಣುವ ಉತ್ತರ ಇಷ್ಟು. ಒಂದೇ ಸಲಕ್ಕೆ ಮುಗಿಯುವ ಕೆಲಸಗಳಲ್ಲಿ ನಮ್ಮ ವ್ಯವಸ್ಥೆ ಸಾಕಷ್ಟು ಮುಂದೆ ಬಂದಿದೆ. ಆಪರೇಷನ್ ಮಾಡಿಸುತ್ತದೆ, ಶ್ರವಣ ಸಾಧನ ಕೊಡುತ್ತದೆ, ನಳಿಕೆ ಹಾಕಿ ಕಳಿಸುತ್ತದೆ, ಶಿಬಿರ ನಡೆಸಿ ಅಂಗವೈಕಲ್ಯ ಪ್ರಮಾಣಪತ್ರವನ್ನೂ ಕೊಡುತ್ತದೆ. ವಾರವಾರ, ತಿಂಗಳುಗಟ್ಟಲೆ ಮಾಡಬೇಕಾದ ಕೆಲಸ ಬಂದಾಗ ಕೈಬಿಡುತ್ತದೆ. ಸ್ಪೀಚ್ ಥೆರಪಿ ಅಂದರೆ ಇದ್ದಬದ್ದದ್ದೆಲ್ಲ ಆ ಎರಡನೇ ಬಗೆಯ ಕೆಲಸವೇ.

ಗಂಟಲಲ್ಲಿ ಏನಾಗುತ್ತದೆ

ಅನ್ನ ಮತ್ತು ಉಸಿರು ಗಂಟಲಿನವರೆಗೆ ಒಂದೇ ದಾರಿಯಲ್ಲಿ ಬಂದು ಅಲ್ಲಿ ಬೇರೆಯಾಗುತ್ತವೆ. ನುಂಗುವ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಮೇಲಕ್ಕೆ ಏರುತ್ತದೆ, ಧ್ವನಿತಂತುಗಳು ಮುಚ್ಚಿಕೊಳ್ಳುತ್ತವೆ, ಕಿರುನಾಲಿಗೆಯ ಕೆಳಗಿರುವ ಮುಚ್ಚಳ ಶ್ವಾಸನಾಳದ ಬಾಯಿಗೆ ಬಾಗುತ್ತದೆ, ಉಸಿರು ಅರೆಗಳಿಗೆ ನಿಲ್ಲುತ್ತದೆ. ಬಂಗಾರಪೇಟೆಯ ರೈಲ್ವೆ ಗೇಟು ರೈಲು ದಾಟಿದ ಮೇಲೆ ಬಿದ್ದರೆ ಏನಾದೀತೋ, ಲಕ್ವದ ನಂತರ ಗಂಟಲಲ್ಲಿ ಆಗುವುದು ಅದೇ. ಮುಚ್ಚುವುದು ತಡವಾಗುತ್ತದೆ, ನೀರು ಆಗಲೇ ಶ್ವಾಸನಾಳಕ್ಕೆ ಇಳಿದಿರುತ್ತದೆ. ನೀರು ತೀರಾ ಬೇಗ ಹರಿಯುವ ಕಾರಣ, "ಬರೀ ನೀರು ತಾನೇ" ಎಂದು ಕೊಡುವುದೇ ಎಲ್ಲಕ್ಕಿಂತ ಕಷ್ಟದ ಪರೀಕ್ಷೆ.

ಆರೋಗ್ಯವಂತರಿಗೆ ಹೀಗಾದರೆ ಕೆಮ್ಮು ಬರುತ್ತದೆ. ನೆತ್ತಿಗೇರಿತು, ಯಾರೋ ನೆನೆಸಿಕೊಂಡರು ಎಂದು ತಲೆ ತಟ್ಟಿ ಸುಮ್ಮನಾಗುತ್ತೇವೆ. ಪಾರ್ಶ್ವವಾಯು ಆದ ಕೆಲವರಲ್ಲಿ ಗಂಟಲಿನ ಸಂವೇದನೆಯೇ ಸತ್ತಿರುವುದರಿಂದ ಕೆಮ್ಮೂ ಬರುವುದಿಲ್ಲ. ಮನೆಯವರಿಗೆ ಎಲ್ಲ ಸರಿಯಾಗಿ ಹೋಗುತ್ತಿರುವಂತೆ ಕಾಣುತ್ತದೆ. ಊಟದ ನಂತರ ದನಿ ಒದ್ದೆಯಾದಂತೆ ಗರಗರ ಅನ್ನುವುದು, ಕೆನ್ನೆಯ ಸಂದಿಯಲ್ಲಿ ತುತ್ತು ಉಳಿದಿರುವುದು, ಒಂದು ಬಟ್ಟಲು ಗಂಜಿಗೆ ಮುಕ್ಕಾಲು ಗಂಟೆ ಹಿಡಿಯುವುದು, ಸಂಜೆ ಸಂಜೆ ಕಾರಣವಿಲ್ಲದ ಜ್ವರ, ಸಿಗುವ ಸುಳಿವು ಇಷ್ಟೇ. ಕೆಲವು ದಿನಗಳಲ್ಲಿ ನ್ಯುಮೋನಿಯಾ. ಊರಲ್ಲಿ ಕೇಳಿದರೆ "ಲಕ್ವ ಹೊಡೆದು ಹೋದ್ರು" ಎನ್ನುತ್ತಾರೆ. ಅವರಲ್ಲಿ ಒಂದಷ್ಟು ಮಂದಿಯನ್ನು ಕೊಂಡೊಯ್ದದ್ದು ಶ್ವಾಸಕೋಶಕ್ಕೆ ಇಳಿದ ಅನ್ನ, ನೀರು, ಎಂಜಲು.

ಲಕ್ವಕ್ಕೆ ನಾಟಿ ಔಷಧಿ ಕುಡಿಸಲು ಗಡಿಯಾಚೆಗೂ ಹೋಗಿಬರುವ ರೂಢಿ ಈ ಸೀಮೆಯಲ್ಲಿದೆ. ಔಷಧಿಯ ಗುಣದ ಚರ್ಚೆ ಬೇರೆ ಇರಲಿ, ಅರೆಪ್ರಜ್ಞೆಯಲ್ಲಿರುವವರ ಬಾಯಿಗೋ ಮೂಗಿಗೋ ಕಷಾಯ, ಎಣ್ಣೆ ಹುಯ್ಯುವುದು ಮಾತ್ರ ನೇರ ಅಪಾಯ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದನ್ನು ಹೊರತೆಗೆಯುವ ಸುಲಭದ ಉಪಾಯ ಯಾವ ಆಸ್ಪತ್ರೆಯಲ್ಲೂ ಇಲ್ಲ.

ಮನೆಗೆ ಬಂದ ನಳಿಕೆ

ಆಸ್ಪತ್ರೆಯಲ್ಲಿ ನುಂಗಲು ಆಗದವರಿಗೆ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕುತ್ತಾರೆ. ಅದು ಸರಿಯಾದ ಕೆಲಸವೇ. ತೊಡಕು ಇರುವುದು ಡಿಸ್ಚಾರ್ಜ್ ಆದ ಮರುದಿನ. ನರ್ಸ್ ಒಂದೆರಡು ಸಲ ತೋರಿಸಿಕೊಟ್ಟದ್ದನ್ನು ನೆನಪಿಟ್ಟುಕೊಂಡು ಸೊಸೆಯೋ ಮಗಳೋ ಕೆಲಸ ಶುರುಮಾಡುತ್ತಾರೆ. 50 ಎಂಎಲ್ ಸಿರಿಂಜಿನ ಹಿಡಿಕೆ ಕಿತ್ತು, ಬರೀ ಕೊಳವೆಯನ್ನು ನಳಿಕೆಯ ಬಾಯಿಗೆ ಸಿಕ್ಕಿಸಿ, ಎತ್ತರಕ್ಕೆ ಹಿಡಿದು, ಬಟ್ಟೆಯಲ್ಲಿ ಸೋಸಿದ ಗಂಜಿಯನ್ನು ನಿಧಾನಕ್ಕೆ ಹುಯ್ಯಬೇಕು. ಅದು ತನ್ನ ಭಾರಕ್ಕೆ ತಾನೇ ಇಳಿಯಬೇಕು. ರೋಗಿ ಒರಗಿ ಕೂತಿರಬೇಕು, ಆದ ಮೇಲೂ ಅರ್ಧ ಗಂಟೆ ಮಲಗಿಸಬಾರದು. ವಾರ್ಡಿನಲ್ಲಾದರೆ ಮಂಚದ ತಲೆಭಾಗ ಎತ್ತಲು ಹಿಡಿಕೆ ಇರುತ್ತದೆ. ಹಳ್ಳಿಯ ನಡುಮನೆಯಲ್ಲಿ ರಾಗಿ ಮೂಟೆಯನ್ನು ಗೋಡೆಗೆ ಒರಗಿಸಿ, ಅದರ ಮೇಲೆ ಕಂಬಳಿ ಮಡಚಿ ಹಾಕಿ ಕೂರಿಸುತ್ತಾರೆ. ಅದು ಕೆಲಸಕ್ಕೆ ಬರುತ್ತದೆ, ಬಗ್ಗಿದ ಸೊಂಟ ಜಾರದಂತೆ ಮಂಡಿಯ ಕೆಳಗೆ ಇನ್ನೊಂದು ದಿಂಬು ಇಟ್ಟರೆ ಇನ್ನೂ ಚೆನ್ನ. ಇಷ್ಟನ್ನು ಯಾರಾದರೂ ಬಂದು ನೋಡಿ ಹೇಳಬೇಕು. ಹೇಳುವವರು ಇಲ್ಲ.

ಎರಡು ತಪ್ಪು ನಂಬಿಕೆಗಳು ಇಲ್ಲಿ ಬಹಳ ಹಾನಿ ಮಾಡುತ್ತವೆ. ನಳಿಕೆ ಇದ್ದಮೇಲೆ ಶ್ವಾಸಕೋಶಕ್ಕೆ ಏನೂ ಹೋಗುವುದಿಲ್ಲ ಎನ್ನುವುದು ಒಂದು. ಎಂಜಲು ಹೋಗುತ್ತದೆ, ಹೊಟ್ಟೆಯಿಂದ ಉಕ್ಕಿ ಬಂದದ್ದೂ ಹೋಗುತ್ತದೆ. ಬಾಯಲ್ಲಿ ಏನೂ ತಿನ್ನುತ್ತಿಲ್ಲವಲ್ಲ, ಹಲ್ಲುಜ್ಜಿಸುವುದು ಯಾಕೆ ಎನ್ನುವುದು ಇನ್ನೊಂದು. ತಿನ್ನದ ಬಾಯಿ ಇನ್ನೂ ಹೆಚ್ಚು ಗಲೀಜಾಗುತ್ತದೆ. ಆ ಗಲೀಜಿನ ಬ್ಯಾಕ್ಟೀರಿಯಾ ಎಂಜಲಿನ ಜೊತೆ ಕೆಳಗಿಳಿಯುತ್ತದೆ. ದಿನಕ್ಕೆ ಎರಡು ಸಲ ಬಾಯಿ ಸ್ವಚ್ಛ ಮಾಡಿದರೆ ನ್ಯುಮೋನಿಯಾದ ಸಾಧ್ಯತೆ ಕಡಿಮೆಯಾಗುತ್ತದೆ. ಖರ್ಚಿಲ್ಲದ ಈ ಉಪಾಯವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದದ್ದು ಅಪರೂಪ.

ಅದಕ್ಕಿಂತ ದೊಡ್ಡ ಲೋಪ, ನಳಿಕೆ ತೆಗೆಯುವ ದಿನ ಯಾವುದು ಎಂದು ಯಾರೂ ಹೇಳದಿರುವುದು. ಪಾರ್ಶ್ವವಾಯು ಆದವರಲ್ಲಿ ಬಹಳಷ್ಟು ಮಂದಿಗೆ ನುಂಗುವ ಶಕ್ತಿ ಮೊದಲ ಕೆಲವು ವಾರಗಳಲ್ಲೇ ಮರಳುತ್ತದೆ. ಮರಳಿದೆಯೇ ಎಂದು ನೋಡಲು ಮತ್ತೆ ಪರೀಕ್ಷೆ ಆಗಬೇಕು. ಆ ಪರೀಕ್ಷೆಗೆ ತಾರೀಕು ಇಲ್ಲದ ಕಾರಣ ಎರಡರಲ್ಲಿ ಒಂದಾಗುತ್ತದೆ. ತಾಳಲಾರದೆ ರೋಗಿಯೇ ಕಿತ್ತೆಸೆದು, ಮನೆಯವರು ಅದನ್ನೇ ಶುಭಸೂಚನೆ ಎಂದುಕೊಂಡು ಅನ್ನ ತಿನ್ನಿಸುತ್ತಾರೆ. ಇಲ್ಲವೇ ನುಂಗಬಲ್ಲವರು ತಿಂಗಳುಗಟ್ಟಲೆ ನಳಿಕೆಯಲ್ಲೇ ಉಳಿಯುತ್ತಾರೆ, ಬಳಸದ ಸ್ನಾಯುಗಳು ಇನ್ನಷ್ಟು ಸೊರಗುತ್ತವೆ. ಸ್ಪೀಚ್ ಥೆರಪಿಸ್ಟ್ ಬಳಿ ಕರೆದುಕೊಂಡು ಹೋಗಿ ಅಂದರೆ ಬರುವ ಉತ್ತರವೂ ಗೊತ್ತಿರುವಂಥದ್ದೇ: "ಮಾತು ಬತ್ತದಲ್ಲಪ್ಪ, ಅವ್ರತ್ರ ಯಾತಕ್ಕೆ?"

ಗಂಜಿ ಎಷ್ಟು ಗಟ್ಟಿ ಇರಬೇಕು

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಆಸ್ಪತ್ರೆಗಳಲ್ಲಿ ಕೊಡುವ ಆಹಾರದ ಪಟ್ಟಿಗೂ ಕೋಲಾರದ ಅಡುಗೆಮನೆಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಕಸ್ಟರ್ಡ್, ಪುಡ್ಡಿಂಗ್, ಬ್ರೆಡ್ಡು ಅದ್ದಿದ ಹಾಲು ಎಂದು ಬರೆದಿರುತ್ತದೆ. ನಮ್ಮವರು ಕೇಳುವ ಪ್ರಶ್ನೆ ಒಂದೇ: "ಮುದ್ದೆ ಕೊಡಬೋದಾ ಸಾರ್?"

ಮುದ್ದೆ ಮೆತ್ತಗಿದೆ, ಆದ್ದರಿಂದ ಸುಲಭ ಎನ್ನುವುದು ಮೇಲ್ನೋಟದ ಮಾತು. ಅದು ಅಂಟುತ್ತದೆ. ನಾಲಿಗೆಗೆ, ಗಂಟಲಿಗೆ ಬಲ ಇಲ್ಲದಿದ್ದರೆ ಹಿಂದಿನ ಗುಂಡಿಗಳಲ್ಲಿ ಕೂತುಬಿಡುತ್ತದೆ. ಜೊತೆಗೆ ತೆಳ್ಳನೆಯ ಸಾರು. ಒಂದೇ ತುತ್ತಿನಲ್ಲಿ ಗಟ್ಟಿಯೂ ನೀರೂ ಬೆರೆತಿದ್ದರೆ ನುಂಗುವ ತೊಂದರೆ ಇರುವವರಿಗೆ ಅದರಷ್ಟು ಕಷ್ಟದ ತುತ್ತು ಇಲ್ಲ. ಸಾರು ಮೊದಲು ಹಿಂದಕ್ಕೆ ಓಡಿ ತೆರೆದ ಶ್ವಾಸನಾಳಕ್ಕೆ ಬೀಳುತ್ತದೆ, ಮುದ್ದೆ ಹಿಂದೆ ಉಳಿಯುತ್ತದೆ. ಹಾಗಾಗಿ ಮುದ್ದೆ–ಸಾರು ಚೇತರಿಕೆಯ ಕೊನೆಗೆ ಬರಬೇಕಾದ ಊಟ, ಮೊದಲಿಗಲ್ಲ. ಮೊದಲಿಗೆ ಗಂಟಿಲ್ಲದಂತೆ ಕಾಸಿದ ರಾಗಿ ಸರಿ, ಚೆನ್ನಾಗಿ ಬೆಂದು ಮಸೆದ ಅನ್ನಕ್ಕೆ ಗಟ್ಟಿ ಮೊಸರು, ಬೇಯಿಸಿ ಹಿಸುಕಿದ ಸಿಹಿಕುಂಬಳ. ಯಾರಿಗೆ ಯಾವುದು ಎನ್ನುವುದನ್ನು ಒಬ್ಬೊಬ್ಬರನ್ನೂ ನೋಡಿಯೇ ಹೇಳಬೇಕು.

ಗಟ್ಟಿತನಕ್ಕೆ ಈಗ ಜಗತ್ತಿನಾದ್ಯಂತ ಒಂದು ಅಳತೆ ಬಳಕೆಗೆ ಬಂದಿದೆ, ಐಡಿಡಿಎಸ್‌ಐ ಎಂದು ಹೆಸರು. 0ಯಿಂದ 7ರವರೆಗೆ ಎಂಟು ಹಂತ, 0 ಎಂದರೆ ನೀರು, 7 ಎಂದರೆ ಎಂದಿನ ಊಟ. ಪರೀಕ್ಷೆಗೆ ಯಂತ್ರ ಬೇಡ. 10 ಎಂಎಲ್ ಸಿರಿಂಜಿನ ಹಿಡಿಕೆ ತೆಗೆದು, ತುದಿಯನ್ನು ಬೆರಳಲ್ಲಿ ಮುಚ್ಚಿ, ಗಂಜಿಯನ್ನು 10ರ ಗೆರೆಯವರೆಗೆ ತುಂಬಿ, ಬೆರಳು ತೆಗೆದು 10 ಸೆಕೆಂಡು ಹರಿಯಲು ಬಿಡಬೇಕು. ಒಳಗೆ 1ರಿಂದ 4 ಎಂಎಲ್ ಉಳಿದರೆ ಒಂದನೇ ಹಂತ, 4ರಿಂದ 8 ಉಳಿದರೆ ಎರಡು, 8ಕ್ಕಿಂತ ಹೆಚ್ಚು ಉಳಿದು ಒಂದಿಷ್ಟಾದರೂ ಹರಿದರೆ ಮೂರು. ಒಂದು ಎಚ್ಚರಿಕೆ ಇದೆ: ಎಲ್ಲ ಕಂಪನಿಗಳ ಸಿರಿಂಜೂ ಒಂದೇ ಅಗಲ ಇರುವುದಿಲ್ಲ. ಸೊನ್ನೆಯಿಂದ ಹತ್ತರ ಗೆರೆಯವರೆಗೆ 61.5 ಮಿಲಿಮೀಟರ್ ಉದ್ದ ಇರುವ ಸಿರಿಂಜಿಗೆ ಮಾತ್ರ ಈ ಲೆಕ್ಕ. ಮೆಡಿಕಲ್ ಸ್ಟೋರಿನಲ್ಲಿ ಕೆಲವೇ ರೂಪಾಯಿಗೆ ಸಿಗುವ ವಸ್ತು. ಆಶಾ ಕಾರ್ಯಕರ್ತೆಗೆ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ರಾಗಿಯದ್ದೇ ಒಂದು ಕಿತಾಪತಿ ಇದೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಪುಷ್ಟಿಗೆ ಒಳ್ಳೆಯದು ಎಂದು ಅದರಲ್ಲೇ ಗಂಜಿ ಕಾಸುತ್ತಾರೆ. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹೆಚ್ಚಿರುವುದರಿಂದ ಅದೇ ಅಳತೆಯ ಹಿಟ್ಟಿಗೆ ಗಂಜಿ ತೆಳ್ಳಗಾಗುತ್ತದೆ. ಮಗುವಿಗೆ ಅದು ಅನುಕೂಲ, ನುಂಗಲಾಗದ ಅಜ್ಜನಿಗೆ ಅಲ್ಲ. ನಮ್ಮ ಎಂಜಲಲ್ಲೂ ಅದೇ ಜಾತಿಯ ಕಿಣ್ವ ಇದೆ. ತಿನ್ನಿಸಿದ ಚಮಚವನ್ನು ಮತ್ತೆ ಮತ್ತೆ ಬಟ್ಟಲಿಗೆ ಅದ್ದುತ್ತಾ ಹೋದರೆ ಕೊನೆಯ ಹೊತ್ತಿಗೆ ಬಟ್ಟಲಲ್ಲಿ ಉಳಿದದ್ದು ನೀರಾಗಿರುತ್ತದೆ. ಆರಂಭದಲ್ಲಿ ಸರಿಯಾಗಿ ನುಂಗಿದವರು ಕಡೆಯ ನಾಲ್ಕು ಚಮಚಕ್ಕೆ ಕೆಮ್ಮಿದರೆ ಅದನ್ನು ಸುಸ್ತು ಎಂದುಕೊಳ್ಳುವ ಮೊದಲು ಬಟ್ಟಲು ನೋಡಿ. ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಬಗ್ಗಿಸಿಕೊಂಡು ತಿನ್ನಿಸಿದರೆ ಆಯಿತು.

ಹಾಗೆಂದು ಎಲ್ಲವನ್ನೂ ಗಟ್ಟಿ ಮಾಡಿ ಕೈತೊಳೆದುಕೊಳ್ಳುವ ಹಾಗಿಲ್ಲ. ಗಟ್ಟಿ ದ್ರವ ಶ್ವಾಸನಾಳಕ್ಕೆ ಹೋಗುವುದು ಕಡಿಮೆ ಎಂದು ಎಕ್ಸ್-ರೇ ಪರೀಕ್ಷೆಯಲ್ಲಿ ಕಾಣುತ್ತದೆ, ಅದರಿಂದ ನ್ಯುಮೋನಿಯಾ ತಗ್ಗುತ್ತದೆ ಎನ್ನಲು ಮಾತ್ರ ಗಟ್ಟಿ ಪುರಾವೆ ಇಲ್ಲ. ಗಟ್ಟಿಯಾದದ್ದನ್ನು ಜನ ಕಡಿಮೆ ಕುಡಿಯುತ್ತಾರೆ, ಏಪ್ರಿಲ್ ಬಿಸಿಲಿಗೆ ಮೈಯಲ್ಲಿ ನೀರು ಒಣಗುತ್ತದೆ. ಗದ್ದವನ್ನು ಎದೆಗೆ ತಾಗಿಸಿ ನುಂಗುವ ಉಪಾಯವೂ ಕೆಲವರಿಗೆ ಸರಿ, ಕೆಲವರಿಗೆ ತಪ್ಪು. ಯೂಟ್ಯೂಬ್ ನೋಡಿ ಮಾಡುವ ಕೆಲಸ ಇದಲ್ಲ ಎನ್ನುವುದಕ್ಕೇ ಇಷ್ಟು ಹೇಳಿದ್ದು.

ಮಾತು ನಿಂತಾಗ ಯಾವ ಭಾಷೆ?

ಭಾಷೆ ಕೆಡುವುದು ಸಾಮಾನ್ಯವಾಗಿ ಪಾರ್ಶ್ವವಾಯು ಮೆದುಳಿನ ಎಡಭಾಗಕ್ಕೆ ಹೊಡೆದಾಗ. ಇದನ್ನು ಅಫೇಸಿಯಾ ಎನ್ನುತ್ತಾರೆ. ನಾಲಿಗೆ ಹೊರಳುತ್ತದೆ, ಬುದ್ಧಿಯೂ ಇದೆ, ಪದ ಮಾತ್ರ ಸಿಗುವುದಿಲ್ಲ. ನೀರು ಬೇಕಾದಾಗ "ಎತ್ತು" ಅನ್ನಬಹುದು, ಅದು ತಪ್ಪೆಂದು ತನಗೇ ಗೊತ್ತಾಗಿ ಹಣೆ ಚಚ್ಚಿಕೊಳ್ಳಬಹುದು. ವಿಚಿತ್ರ ಎಂದರೆ ಬೈಗುಳ, ಎಣಿಕೆ, ದೇವರನಾಮ ಎಷ್ಟೋ ಸಲ ಸರಾಗವಾಗಿ ಬರುತ್ತವೆ. ಹೆಂಡತಿಯ ಹೆಸರು ಹೇಳಲಾಗದ ಮನುಷ್ಯ ಸಿಟ್ಟು ಬಂದಾಗ ಇಡೀ ಬೀದಿಗೆ ಕೇಳುವಂತೆ ಬೈಯುತ್ತಾನೆ. "ನಾಟಕ ಆಡ್ತವ್ನೆ" ಎಂದೋ, "ತಲೆ ಕೆಟ್ಟೋಯ್ತು" ಎಂದೋ ತೀರ್ಪು ಹೊರಬೀಳುತ್ತದೆ. ಎರಡೂ ಸುಳ್ಳು. ರೂಢಿಯಿಂದ ತಾನಾಗಿ ಹೊರಡುವ ಮಾತಿಗೂ ಯೋಚಿಸಿ ಕಟ್ಟುವ ಮಾತಿಗೂ ಮೆದುಳಿನಲ್ಲಿ ದಾರಿ ಬೇರೆ ಬೇರೆ, ಅಷ್ಟೆ.

ಇದರ ಪರಿಣಾಮ ಊಟ–ನೀರಿಗೆ ನಿಲ್ಲುವುದಿಲ್ಲ. ಮಾತು ಹೋದವನ ಜಮೀನಿನ ವಿಚಾರ ಅವನ ಮುಂದೆಯೇ, ಅವನನ್ನು ಕೇಳದೆ ತೀರ್ಮಾನವಾಗುತ್ತದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಅಫೇಸಿಯಾ ಇರುವವರಿಗೆ ಹೇಳುವುದಕ್ಕಿಂತ ಅರ್ಥವಾಗುವುದು ಹೆಚ್ಚು ಇರಬಹುದು, ಹೌದು–ಇಲ್ಲಕ್ಕೆ ಚಿತ್ರ ತೋರಿಸಿ, ಒಂದೊಂದೇ ಪ್ರಶ್ನೆ ಕೇಳಿ ಅವರ ಇಷ್ಟ ತಿಳಿಯಬಹುದು ಎನ್ನುವುದು ಕುಟುಂಬಕ್ಕೆ ಗೊತ್ತಿಲ್ಲ. ಗೊತ್ತಿದ್ದೂ ಬೇಡ ಎನ್ನುವವರೂ ಇದ್ದಾರೆ, ಬಿಡಿ.

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಇನ್ನೊಂದು ಸಿಕ್ಕು. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು, ಶಾಲೆ–ಕಚೇರಿಯಲ್ಲಿ ಕನ್ನಡ. ಕೆಜಿಎಫ್‌ನಲ್ಲಿ ತಮಿಳು. ಚಿಂತಾಮಣಿ, ಶಿಡ್ಲಘಟ್ಟದ ಕೇರಿಗಳಲ್ಲಿ ದಖನಿ ಉರ್ದು. ಒಬ್ಬನೇ ರೇಷ್ಮೆ ವ್ಯಾಪಾರಿ ಬೆಳಗ್ಗೆ ಮೂರು ಭಾಷೆಯಲ್ಲಿ ವ್ಯವಹಾರ ಮುಗಿಸುವ ಸೀಮೆ ಇದು. ಅಂಥವರಿಗೆ ಲಕ್ವ ಹೊಡೆದರೆ ಯಾವ ಭಾಷೆ ಮೊದಲು ಮರಳುತ್ತದೆ ಎಂದು ಮುಂಚೆಯೇ ಹೇಳಲಾಗದು. ತಾಯ್ನುಡಿಯೇ ಮೊದಲು ಬರಬೇಕೆಂದೂ ಇಲ್ಲ. ಅಫೇಸಿಯಾ ಅಳೆಯುವ ಮುಖ್ಯ ಪರೀಕ್ಷೆಯೊಂದರ ಕನ್ನಡ ರೂಪವನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸಿದ್ಧಪಡಿಸಿದ್ದಾರೆ. ಅದು ದೊಡ್ಡ ಅನುಕೂಲವೇ. ಆದರೆ ತೆಲುಗಿನಲ್ಲಿ ಬದುಕಿದ ಅಜ್ಜಿಯನ್ನು ಬರೀ ಕನ್ನಡದಲ್ಲಿ ಅಳೆದು ಅಂಕ ಹಾಕಿದರೆ ನಷ್ಟವನ್ನು ಹೆಚ್ಚಾಗಿ ತೋರಿಸಿದಂತಾಗುತ್ತದೆ. ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಇದು: ಮನೆಯಲ್ಲಿ ಯಾವುದು, ಸಂತೆಯಲ್ಲಿ ಯಾವುದು, ಲೆಕ್ಕ ಹಾಕುವುದು ಯಾವುದರಲ್ಲಿ?

ಮಕ್ಕಳ ವಿಷಯದಲ್ಲಿ ಇದೇ ಬಹುಭಾಷೆ ಸುಮ್ಮನೆ ಅಪರಾಧಿಯಾಗುತ್ತದೆ. ಎರಡು ಭಾಷೆ ಕಿವಿಗೆ ಬಿದ್ದದ್ದರಿಂದ ಮಗುವಿಗೆ ಮಾತು ತಡವಾಯಿತು, ಇನ್ನು ಮೇಲೆ ಒಂದರಲ್ಲೇ ಮಾತಾಡಿ ಎಂದು ಸಲಹೆ ಕೊಡುವವರಿದ್ದಾರೆ. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಆ ಸಲಹೆ ಪಾಲಿಸಿದರೆ ಆಗುವುದು, ಕನ್ನಡ ಸರಿಯಾಗಿ ಬಾರದ ಅಜ್ಜಿ ಮೊಮ್ಮಗುವಿನ ಜೊತೆ ಮಾತೇ ನಿಲ್ಲಿಸುವುದು. ಮೊಬೈಲಿನದೂ ಅದೇ ಕಥೆ. ಮೊಬೈಲು ಕೈಗೆ ಕೊಟ್ಟಷ್ಟು ಹೊತ್ತು ಎದುರುಬದುರು ಮಾತು ಕಡಿಮೆಯಾಗುತ್ತದೆ ಎನ್ನುವುದು ನಿಜ, ಆದರೆ ಮಗುವಿಗೆ ಬೇರೆಯವರೊಡನೆ ಬೆರೆಯಲು, ಮಾತಾಡಲು ಕಷ್ಟವಾಗುವ ಆಟಿಸಂ ಮೊಬೈಲಿನಿಂದ ಬರುವುದಿಲ್ಲ. "ನೀನೇ ಫೋನ್ ಕೊಟ್ಟು ಹಾಳ್ ಮಾಡ್ದೆ" ಎಂದು ತಾಯಿಯನ್ನು ದೂರುವ ಮನೆಯವರು ಪರೀಕ್ಷೆಗೆ ಕರೆದೊಯ್ಯುವುದನ್ನು ಇನ್ನೊಂದು ವರ್ಷ ಮುಂದೂಡುತ್ತಾರೆ. ಬಜೆ ತೇಯ್ದು ನೆಕ್ಕಿಸುವುದು, "ಅವರಪ್ಪನೂ ಐದು ವರ್ಷಕ್ಕೇ ಮಾತಾಡಿದ್ದು" ಎಂಬ ಸಮಾಧಾನ, ಇವುಗಳಲ್ಲಿ ಹೋಗುವ ಕಾಲವೂ ಅಷ್ಟೇ ಬೆಲೆಯದು. ಎರಡು ತುಂಬಿದರೂ ಎರಡೆರಡು ಪದ ಜೋಡಿಸದ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಸೋದರಮಾವನ ಜೊತೆ ಮದುವೆ ಇನ್ನೂ ಇರುವ ನಮ್ಮ ಕಡೆ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು, ಹಾಗಾಗಿ ಹುಟ್ಟಿದ ತಿಂಗಳೊಳಗೆ ಕಿವಿ ನೋಡಿಸಿ, ಮೂರು ತಿಂಗಳೊಳಗೆ ಖಚಿತಪಡಿಸಿಕೊಂಡು, ಆರು ತಿಂಗಳೊಳಗೆ ಚಿಕಿತ್ಸೆ ಶುರುಮಾಡಬೇಕೆಂಬ ನಿಯಮ ಇಲ್ಲಿಗೆ ಇನ್ನಷ್ಟು ಅನ್ವಯ.

ಬಾಯಿ ಕ್ಯಾನ್ಸರಿನ ಮಾತೂ ಬರಲೇಬೇಕು. ಎಲೆ–ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ ದವಡೆಯಲ್ಲಿಟ್ಟುಕೊಂಡು ಕೆಲಸ ಮಾಡುವ ಹೆಂಗಸರು ಕೋಲಾರದಲ್ಲಿ ಎಷ್ಟಿದ್ದಾರೆ ಎನ್ನುವುದು ಹೊಲದ ಬದುವಿನಲ್ಲೇ ಗೊತ್ತಾಗುತ್ತದೆ. ಇಲ್ಲಿ ಕೆನ್ನೆಯ ಒಳಭಾಗದ ಕ್ಯಾನ್ಸರ್ ಹೆಚ್ಚು. ಆಪರೇಷನ್ನಿನಲ್ಲಿ ದವಡೆ, ನಾಲಿಗೆಯ ಒಂದಿಷ್ಟು ಹೋಗುತ್ತದೆ, ವಿಕಿರಣ ಚಿಕಿತ್ಸೆಯಿಂದ ಬಾಯಿ ಒಣಗಿ ಸ್ನಾಯುಗಳು ಬಿಗಿಯುತ್ತವೆ. ವಿಕಿರಣ ಶುರುವಾಗುವ ಮೊದಲೇ ನುಂಗುವ, ಬಾಯಿ ತೆರೆಯುವ ವ್ಯಾಯಾಮ ಕಲಿಸಿ, ಚಿಕಿತ್ಸೆಯುದ್ದಕ್ಕೂ ಮಾಡಿಸಿದರೆ ಆಮೇಲಿನ ಪಾಡು ಕಡಿಮೆ. ಗೆಡ್ಡೆ ತೆಗೆದ ಸರ್ಜನ್ ಹೆಸರು ಮನೆಮಂದಿಗೆಲ್ಲ ಗೊತ್ತಿರುತ್ತದೆ, ಈ ವ್ಯಾಯಾಮ ಹೇಳಿಕೊಟ್ಟವರು ಯಾರು ಎಂದರೆ ತಲೆಯಾಡಿಸುತ್ತಾರೆ.

ಲೆಕ್ಕ ಹಾಕೋಣ

2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆ 15.36 ಲಕ್ಷ, ಚಿಕ್ಕಬಳ್ಳಾಪುರದ್ದು 12.55 ಲಕ್ಷ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಶಾಲಾ ಮಕ್ಕಳನ್ನು ಒಂದು ಸಲ ತಪಾಸಣೆ ಮಾಡಬೇಕು, ತೊಂದರೆ ಕಂಡವರನ್ನು ಜಿಲ್ಲಾ ಮಟ್ಟದ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಎಳವೆಯಲ್ಲೇ ಚಿಕಿತ್ಸೆ ಶುರುಮಾಡುವ ಕೇಂದ್ರಕ್ಕೆ, ಕಳಿಸಬೇಕು. ಆ ಕೇಂದ್ರದ ಸಿಬ್ಬಂದಿ ಪಟ್ಟಿಯಲ್ಲಿ ವಾಕ್–ಶ್ರವಣ ತಜ್ಞರ ಹುದ್ದೆ ಇದೆ. ಯೋಜನೆ ಚೆನ್ನಾಗಿದೆ. ಈಗ ಒಬ್ಬ ತಜ್ಞರು ವಾರಕ್ಕೆ ಐದು ದಿನ, ದಿನಕ್ಕೆ ಎಂಟು ಮಂದಿಗೆ ಥೆರಪಿ ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಕಿವಿ ಪರೀಕ್ಷೆ, ಪ್ರಮಾಣಪತ್ರ, ಶಿಬಿರ, ಸಭೆ ಯಾವುದೂ ಇಲ್ಲದ ಆದರ್ಶ ವಾರ. ಒಟ್ಟು 40 ಸರದಿ. ಒಂದು ಮಗುವಿಗೆ ವಾರಕ್ಕೆ ಎರಡು ಸಲ ಬೇಕು ಎಂದರೆ 20 ಮಕ್ಕಳಿಗೆ ವಾರ ತುಂಬಿತು. ಇಪ್ಪತ್ತೊಂದನೆಯ ಮಗುವಿಗೆ ಸಿಗುವುದು "ಮನೇಲಿ ಮಾತಾಡಿಸ್ತಿರಿ, ಮೂರು ತಿಂಗಳು ಬಿಟ್ಟು ಬನ್ನಿ". ಲಕ್ವದವರ ಸರದಿ ಈ ಲೆಕ್ಕದಲ್ಲಿ ಇನ್ನೂ ಬಂದೇ ಇಲ್ಲ. ತಪಾಸಣೆ ಹೆಚ್ಚಿದಷ್ಟೂ ಸಾಲು ಉದ್ದವಾಗುತ್ತದೆ, ಕಿಟಕಿ ಒಂದೇ.

ಎಷ್ಟು ಥೆರಪಿ ಬೇಕು ಎನ್ನುವುದಕ್ಕೂ ಅಂದಾಜು ಇದೆ. ಹಲವು ದೇಶಗಳ ಅಫೇಸಿಯಾ ರೋಗಿಗಳ ದತ್ತಾಂಶ ಸೇರಿಸಿ 2022ರಲ್ಲಿ ಪ್ರಕಟಿಸಿದ ರಿಲೀಸ್ ಎಂಬ ವಿಶ್ಲೇಷಣೆಯಲ್ಲಿ ಹೆಚ್ಚಿನ ಸುಧಾರಣೆ ಕಂಡದ್ದು ಒಟ್ಟು 20ರಿಂದ 50 ಗಂಟೆ ಥೆರಪಿ ಪಡೆದವರಲ್ಲಿ. ತಿಂಗಳಿಗೊಮ್ಮೆ ಅರ್ಧ ಗಂಟೆ ಹೋಗಿಬರುವವರಿಗೆ ವರ್ಷಕ್ಕೆ ಸಿಗುವುದು 6 ಗಂಟೆ. ಆ 6 ಗಂಟೆಯ ಕೊನೆಗೆ "ಥೆರಪಿ ಕೊಡಿಸಿದ್ವಿ, ಏನೂ ಪ್ರಯೋಜನ ಆಗ್ಲಿಲ್ಲ" ಎನ್ನುತ್ತಾರೆ. ಹತ್ತು ದಿನದ ಮಾತ್ರೆಯನ್ನು ಒಂದು ದಿನ ನುಂಗಿದವರು ಔಷಧಿಯನ್ನು ದೂರಿದರೆ ಡಾಕ್ಟರು ಬೈಯುತ್ತಾರೆ. ಇಲ್ಲಿ ಬೈಯುವುದು ಯಾರನ್ನು? ಕೊಟ್ಟದ್ದೇ ಅಷ್ಟು.

ಬೆಂಗಳೂರು ಹತ್ತಿರ ಇದೆಯಲ್ಲ ಎನ್ನುವುದು ಅಧಿಕಾರಿಗಳ ಸುಲಭದ ಮಾತು. ಕೋಲಾರದಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ ನಿಮ್ಹಾನ್ಸ್ ಇದೆ, ಅಲ್ಲಿ ವಾಕ್ ಚಿಕಿತ್ಸೆಯದೇ ವಿಭಾಗ ಇದೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಸಂಸ್ಥೆ ದೇಶಕ್ಕೇ ಮೊದಲ ಸಾಲಿನದು. ರೋಗನಿರ್ಣಯಕ್ಕೆ, ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗೆ ದೊಡ್ಡ ಊರಿಗೆ ಹೋಗಬಹುದು. ವಾರಕ್ಕೆ ಎರಡು ಸಲ ಹೋಗಲಾಗದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ತಾಯಂದಿರ ಬಸ್ ಚಾರ್ಜು ಉಳಿಯಿತು, ಥೆರಪಿಗೆ ಬರುವ ತಾಯಿ–ಮಕ್ಕಳಿಗೆ ಇದು ಸಣ್ಣ ಉಪಕಾರವಲ್ಲ. ಉಳಿಯದೇ ಹೋದದ್ದು ಅವಳ ಒಂದು ದಿನದ ಕೂಲಿ. ಅರ್ಧ ಮೈ ಸ್ವಾಧೀನವಿಲ್ಲದ ಗಂಡಸನ್ನು ಕೆಂಪು ಬಸ್ಸಿನ ಮೆಟ್ಟಿಲು ಹತ್ತಿಸುವುದು ಯಾವ ಉಚಿತ ಟಿಕೆಟ್ಟಿನಿಂದಲೂ ಆಗುವುದಿಲ್ಲ, ಅದಕ್ಕೆ ಕಾರು ಮಾಡಬೇಕು.

ದುಡ್ಡಿನ ವಿಚಾರ ಇನ್ನೂ ಸ್ಪಷ್ಟ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಹೆಣಿಗೆ ಇರುವುದು ದಾಖಲಾಗಿ ಪಡೆಯುವ ಚಿಕಿತ್ಸೆಯ ಸುತ್ತ. ದಾಖಲಾಗದೆ ವಾರವಾರ ಬಂದುಹೋಗುವ ಥೆರಪಿ ಅದರ ಲೆಕ್ಕಕ್ಕೆ ಸಿಗುವುದು ಕಷ್ಟ. ಆಟಿಸಂ, ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪುವುದು), ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚೂ ಸೇರಿ, ಸಿಗುತ್ತದೆ. ಅರ್ಹರಿರುವ ಮನೆಗಳಲ್ಲೇ ಇದರ ಹೆಸರು ಕೇಳದವರು ತುಂಬಾ ಜನ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದೆ. ಅದರಲ್ಲಿ ವಾಕ್ ಮತ್ತು ಭಾಷಾ ಅಂಗವೈಕಲ್ಯವಿದೆ, ಅಫೇಸಿಯಾ ಮತ್ತು ಧ್ವನಿಪೆಟ್ಟಿಗೆ ತೆಗೆದವರ ಪ್ರಸ್ತಾಪವೂ ಇದೆ. ನುಂಗಲಾಗದವರು ಆ ಪಟ್ಟಿಯಲ್ಲಿ ಬೇರೆಯಾಗಿ ಎಲ್ಲೂ ಇಲ್ಲ.

ಆಗಬಹುದಾದದ್ದು

ಇರುವುದನ್ನೇ ಸ್ವಲ್ಪ ತಿರುಗಿಸಿದರೆ ಆಗುವ ಕೆಲಸ ಕೆಲವಿವೆ. 2022ರಲ್ಲಿ ನಿಮ್ಹಾನ್ಸ್, ರಾಜ್ಯ ಸರ್ಕಾರ ಮತ್ತು ನೀತಿ ಆಯೋಗ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅನ್ನು ಪ್ರಾಯೋಗಿಕವಾಗಿ ಶುರುಮಾಡಿದಾಗ ಆಯ್ದ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಲಕ್ವ, ಮೂರ್ಛೆರೋಗ, ಮರೆವು, ತಲೆನೋವಿಗೆ ಜಿಲ್ಲಾ ಆಸ್ಪತ್ರೆಯಲ್ಲೇ ಮೆದುಳು ಆರೋಗ್ಯ ಕ್ಲಿನಿಕ್ ಬರುವಂತಾಯಿತು. ಲಕ್ವದವರು ಹೇಗೂ ಬರುವ ಆ ಜಾಗಕ್ಕೆ ನುಂಗುವಿಕೆಯ ಪರೀಕ್ಷೆಯನ್ನು ಸೇರಿಸುವುದು ಹೊಸ ಕಟ್ಟಡ ಕೇಳುವ ಕೆಲಸವಲ್ಲ. ಬಾಯಿಗೆ ಏನನ್ನೂ ಕೊಡುವ ಮೊದಲು, ರೋಗಿಯನ್ನು ನೆಟ್ಟಗೆ ಕೂರಿಸಿ, ಚಮಚದಿಂದ ಶುರುಮಾಡಿ ಅಳೆದು ನೀರು ಕೊಟ್ಟು, ಕೆಮ್ಮು ಮತ್ತು ದನಿ ಗಮನಿಸುವ ಪರೀಕ್ಷೆಯನ್ನು ತರಬೇತಾದ ನರ್ಸ್ ಮಾಡಬಲ್ಲರು. ಹಲವು ದೇಶಗಳ ಸ್ಟ್ರೋಕ್ ವಾರ್ಡುಗಳಲ್ಲಿ ಅದು ದಿನನಿತ್ಯದ ಕೆಲಸ. ಅದರಲ್ಲಿ ತಪ್ಪಿದವರನ್ನು ಮಾತ್ರ ತಜ್ಞರು ನೋಡಿದರೆ ತಜ್ಞರ ಸಮಯವೂ ಉಳಿಯುತ್ತದೆ.

ವಿಡಿಯೊ ಕರೆಯಲ್ಲಿ ಥೆರಪಿ ಕೊಡುವುದರ ಬಗ್ಗೆ ನನಗೆ ಅರ್ಧ ನಂಬಿಕೆ. ಅಫೇಸಿಯಾಕ್ಕೆ, ಉಗ್ಗಿಗೆ, ತಾಯಿಗೆ ಹೇಳಿಕೊಡುವುದಕ್ಕೆ ಅದು ಚೆನ್ನಾಗಿ ನಡೆಯುತ್ತದೆ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವುದು ಮಗನ ಹತ್ತಿರ, ಮಗ ಇರುವುದು ನರಸಾಪುರದ ಕಾರ್ಖಾನೆಯ ಶಿಫ್ಟಿನಲ್ಲಿ, ಥೆರಪಿ ಸಮಯ ಬೆಳಗ್ಗೆ ಹನ್ನೊಂದಕ್ಕೆ. ಮೊದಲ ಸಲದ ನುಂಗುವ ಪರೀಕ್ಷೆಯನ್ನಂತೂ ಪಕ್ಕದಲ್ಲಿ ತಿಳಿದವರಿಲ್ಲದೆ ಪರದೆಯ ಮೇಲೆ ಮಾಡಬಾರದು. ಅದಕ್ಕೇ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರು ಬೇಕು. ನಾಲ್ಕು ವರ್ಷದ ಪದವಿ ಮಾಡಿದವರು ಎಲ್ಲ ಕಡೆ ಸಿಗುವುದಿಲ್ಲ ಎಂದಾದರೆ, ಒಂದು ವರ್ಷದ ಡಿಪ್ಲೊಮಾ ಮುಗಿಸಿದ ಸಹಾಯಕರನ್ನು ಜಿಲ್ಲಾ ತಜ್ಞರ ಉಸ್ತುವಾರಿಯಲ್ಲಿ ಇಡಬಹುದು. ಯೋಜನೆ ಮತ್ತು ಪರೀಕ್ಷೆ ತಜ್ಞರದು, ವಾರವಾರದ ಅಭ್ಯಾಸ ಸಹಾಯಕರದು. ಹಾಗೆಂದು ಬೋರ್ಡು ಹಾಕಿದ ಎಲ್ಲರೂ ಥೆರಪಿಸ್ಟ್ ಅಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳುವುದು ರೋಗಿಯ ಹಕ್ಕು. ಕೇಳಿದರೆ ಮುಖ ಗಂಟಿಕ್ಕುವವರ ಹತ್ತಿರ ಹೋಗದಿರುವುದೇ ಲೇಸು.

ಜಿಲ್ಲಾ ಆರೋಗ್ಯ ಇಲಾಖೆಯ ಪ್ರಗತಿ ಪರಿಶೀಲನೆಯಲ್ಲಿ ಎಷ್ಟು ಮಕ್ಕಳ ತಪಾಸಣೆಯಾಯಿತು, ಎಷ್ಟು ಸಾಧನ ಕೊಟ್ಟರು ಎಂಬ ಕಾಲಮುಗಳ ಪಕ್ಕದಲ್ಲಿ, ಒಬ್ಬೊಬ್ಬರಿಗೆ ಎಷ್ಟು ಗಂಟೆ ಥೆರಪಿ ಸಿಕ್ಕಿತು ಎಂಬ ಕಾಲಮೂ ಬರಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ಕನ್ನಡದಲ್ಲಿ ಮೂರು ಸಾಲು ಸಾಕು: ಬಾಯಿಗೆ ಏನು ಕೊಡಬಹುದು ಮತ್ತು ಎಷ್ಟು ಗಟ್ಟಿ, ನಳಿಕೆ ಇದ್ದರೆ ಮತ್ತೆ ನುಂಗುವ ಪರೀಕ್ಷೆ ಯಾವ ತಾರೀಕಿಗೆ, ಆ ಪರೀಕ್ಷೆ ಯಾವ ಆಸ್ಪತ್ರೆಯ ಯಾವ ಕೋಣೆಯಲ್ಲಿ. ಮೊದಲಿನ ಎರಡನ್ನು ನಾಳೆಯಿಂದಲೇ ಬರೆಯಬಹುದು. ಮೂರನೆಯದನ್ನು ಶ್ರೀನಿವಾಸಪುರದವರಿಗೆ ಶ್ರೀನಿವಾಸಪುರದಲ್ಲೇ ಎಂದು ಬರೆಯಬೇಕಾದರೆ ಹುದ್ದೆ ಮಂಜೂರಾಗಬೇಕು, ಅದು ವಿಧಾನಸೌಧದಲ್ಲಿ ಆಗಬೇಕಾದ ಕೆಲಸ.